ಬಂಡೆಗೆ ಎಷ್ಟು ಒಲೆ?

ಒಂದಾನೊಂದು ಊರಿನಲ್ಲಿ ಮನೆಯೂ ಇರಲಿಲ್ಲ, ಮರವೂ ಇರಲಿಲ್ಲ. ಕಡಲ ನಡುವಿನ ಒಂದು ಬಂಡೆ, ಅದೇ ಊರು. ಅಲ್ಲಿ ನೀರುಕಾಗೆ ಮಂಕಾಳಿ, ಕಡಲಕಾಗೆ ಹೊನ್ನಪ್ಪ, ರೀವಹಕ್ಕಿ ಸುಕ್ರಿ ಗೂಡಿಗೆ ಗೂಡು ತಾಗಿಸಿಕೊಂಡು ಇದ್ದರು. ಬಂಡೆಯ ನಟ್ಟನಡುವೆ ಮಂಕಾಳಿಯ ಮೊಟ್ಟೆ. ಇದ್ದದ್ದು ಅದೊಂದೇ. ಒಳಗಿನಿಂದ ಆಗಲೇ ಟಕಟಕ ಸದ್ದು.

ಆ ಕಡಲಿಗೊಬ್ಬ ದೊರೆ, ಒಲೆಯಪ್ಪರಾಜ. ಅವನಿಗೆ ಯುದ್ಧ ಬೇಡ, ಬಂಗಾರ ಬೇಡ. ಯಾರ ಮನೆಯಲ್ಲಿ ಎಷ್ಟು ಒಲೆ, ಅದೇ ಚಿಂತೆ. ಒಂದು ಮನೆಗೆ ಒಂದೇ ಒಲೆ. ಎರಡು ಕಂಡರೆ ಮನೆ ಒಡೆದಿದೆ ಎಂದರ್ಥ. ಒಡೆದದ್ದನ್ನು ಪಾಲು ಮಾಡಬೇಕು. ಅದಕ್ಕೆಂದೇ ಒಂದು ಗರಗಸ ಸಾಕಿದ್ದ.

ದೊರೆ ದೋಣಿಯಲ್ಲಿ ಬಂದ. ಗರಗಸ ಅವನ ತೊಡೆಯ ಮೇಲೆ ಕೂತಿತ್ತು.

"ನಿಮ್ಮ ಊಟ ಎಲ್ಲಿ?"

"ದಡದಲ್ಲಿ, ಬಲೆ ಎಳೆಯುವಲ್ಲಿ," ಅಂದ ಹೊನ್ನಪ್ಪ.

"ದಡ ಕಾಣದಷ್ಟು ದೂರ ಹೋಗ್ತೇನೆ ಒಡೆಯಾ. ಅಲ್ಲಿ ನೀರಿನ ಮೇಲೇ ಮೀನು ಸಿಗ್ತದೆ," ಅಂದಳು ಸುಕ್ರಿ.

"ನಾನು ಇಲ್ಲೇ ತಳಕ್ಕೆ ಮುಳುಗ್ತೇನೆ," ಅಂದಳು ಮಂಕಾಳಿ.

"ಮೂರು ಒಲೆ." ದೊರೆಯ ಮೀಸೆ ಸಂತೋಷಕ್ಕೆ ನಡುಗಿತು. "ಬಂಡೆ ಮೂರು ಪಾಲು."

"ಕೊಯ್ಯಲಾ? ಕೊಯ್ಯಲಾ?" ಅಂತು ಗರಗಸ.

ದೊರೆ ಬಂಡೆಯ ಮೇಲೆ ಮೂರು ಗೆರೆ ಎಳೆದ. ಮೂರೂ ಮೊಟ್ಟೆಯ ಮೇಲೆ ಕೂಡಿದವು.

"ಮೊಟ್ಟೆ ಆಚೆ ಸರಿಸಲಾ ಒಡೆಯಾ?" ಅಂದಳು ಮಂಕಾಳಿ.

"ಪಾಲಿಗೆ ಬಿದ್ದ ಆಸ್ತಿ ಮುಟ್ಟಬಾರದು. ಅದೂ ಮೂರು ಪಾಲು."

"ನನಗೆ ಹಳದಿ ಇರಲಿ," ಅಂದ ಹೊನ್ನಪ್ಪ.

"ಬಾಯಿ ಮುಚ್ಚು ಭಾವಾ. ಕೊಕ್ಕು ತಿರುಚಿಬಿಟ್ಟೇನು," ಅಂದಳು ಮಂಕಾಳಿ.

ಕರ್ರ್, ಕರ್ರ್. ಬಂಡೆಯ ಪುಡಿ ಹಾರಿತು. ಗರಗಸ ಮೊಟ್ಟೆಯತ್ತ ಓಡಿತು. ಮಂಕಾಳಿ ಮೊಟ್ಟೆಗೆ ಅಡ್ಡ ನಿಂತಳು.

"ಒಡೆಯಾ, ಒಲೆ ಒಂದೇ. ಪಾತ್ರೆಯೂ ಒಂದೇ, ಈ ಕಡಲು. ಅವನು ಅಂಚು ಬಳೀತಾನೆ, ಇವಳು ಮೇಲಿನ ತಿಳಿ ತಗೊಳ್ತಾಳೆ, ನನಗೆ ತಳದ ಗಸಿ."

"ಸಾಕ್ಷಿ?"

"ಉಪ್ಪು ನೋಡಿ."

ದೊರೆ ದಡಕ್ಕೆ ಹೋಗಿ ನೀರು ನೆಕ್ಕಿದ. ಉಪ್ಪು. ದೂರಕ್ಕೆ ಹೋಗಿ ನೆಕ್ಕಿದ. ಅದೇ ಉಪ್ಪು. ಗರಗಸ ಮಾತ್ರ ನಿಲ್ಲಲಿಲ್ಲ. ಕರ್ರ್, ಕರ್ರ್. ಮಂಕಾಳಿ ದಬಕ್ಕನೆ ಮುಳುಗಿ, ತಳದ ನೀರು ಕೊಕ್ಕಿನಲ್ಲಿ ತಂದು ದೊರೆಯ ಅಂಗೈಗೆ ಸುರಿದಳು. ನೆಕ್ಕಿದ. ಮುಖ ಕಿವುಚಿದ.

"ಅಷ್ಟೇ ಉಪ್ಪು. ಅಷ್ಟೇ ಜಾಸ್ತಿ. ಮೂರು ಒಲೆಯಲ್ಲಿ ಮೂವರು ಬೇಯಿಸಿದರೆ ಮೂವರ ಕೈಯೂ ಇಷ್ಟೇ ತಪ್ಪುತ್ತದಾ? ಆಗದ ಮಾತು. ಅಡುಗೆಯವಳು ಒಬ್ಬಳೇ. ಗರಗಸಾ, ನಿಲ್ಲು."

"ಇನ್ನೊಂದೇ ಹಲ್ಲು, ದೊರೆ."

"ನಿಲ್ಲು ಅಂದೆ."

ನಿಂತಿತು. ಆಗ ಮೊಟ್ಟೆ ಒಳಗಿನಿಂದ ತಾನೇ ಒಡೆಯಿತು. ಮರಿ ಬಾಯಿ ಅಗಲಿಸಿತು, ಬಂಡೆಗಿಂತ ಅಗಲ. ನೋಡಿದ್ದೇ ತಡ, ಮರಿಗೆ ಮೀನು ತರಲು ಹೊನ್ನಪ್ಪ ದಡಕ್ಕೆ ಹಾರಿದ, ಸುಕ್ರಿ ದೂರಕ್ಕೆ ಹಾರಿದಳು, ಮಂಕಾಳಿ ತಳಕ್ಕೆ ಮುಳುಗಿದಳು.

ದೊರೆ ಗರಗಸದ ಬೆನ್ನು ತಟ್ಟಿದ. "ನೋಡು, ಮೂವರೂ ಒಂದೇ ಅಡುಗೆಮನೆಗೆ ಹೇಗೆ ಓಡ್ತಾರೆ."

ಆದ್ದರಿಂದ, ಸಾರಿಗೆ ಉಪ್ಪು ಹೆಚ್ಚಾದರೆ ಯಾರನ್ನೂ ಬೈಯಬೇಡಿ. ಎಲ್ಲೋ ಒಂದು ಮನೆ ಒಡೆಯುವುದು ತಪ್ಪಿರುತ್ತದೆ. ಕತೆ ಕಡಲಿಗೆ, ನೀವು ಊಟಕ್ಕೆ.