ಹಸಿರು ಎಲೆಯೊಳಗೆ ಅಡಗಿದ ನೀಲಿ

ಲೋಕದ ಮೈಮೇಲಿನ ಹಸಿ ಇನ್ನೂ ಆರಿರಲಿಲ್ಲ. ನಮ್ಮ ಜಾಗ ಇದೇನಾ ಎಂದು ಬೆಟ್ಟಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದ ಕಾಲ ಅದು. ಆಗ ಗಾಳಿಗೆ ಏಳು ಜನ ಹೆಣ್ಣುಮಕ್ಕಳು. ಏಳೂ ಜನ ನೀಲಿ, ಒಬ್ಬೊಬ್ಬಳದು ಒಂದೊಂದು ಬಗೆ.

ಗಾಳಿಗೆ ಒಂದು ಕಡೆ ಕೂತು ಗೊತ್ತಿಲ್ಲ, ನಿನ್ನ ಹಾಗೇ, ಪುಟ್ಟಿ. ಏಳು ಮಕ್ಕಳನ್ನು ಹೊತ್ತು ಎಷ್ಟು ದಿನ ತಿರುಗಿಯಾಳು? ನಿಮ್ಮ ನಿಮ್ಮ ಮನೆ ಹುಡುಕಿಕೊಳ್ಳಿ ಎಂದಳು. ತಿಳಿನೀಲಿ ಆಕಾಶಕ್ಕೆ ಹೋದಳು. ಒಬ್ಬಳು ಕಡಲಿಗೆ, ಒಬ್ಬಳು ನವಿಲಿನ ಕೊರಳಿಗೆ, ಒಬ್ಬಳು ಮಿಂಚುಳ್ಳಿಯ ರೆಕ್ಕೆಗೆ, ಒಬ್ಬಳು ಅಗಸೆ ಹೂವಿಗೆ ಹೋದಳು. ಇನ್ನೊಬ್ಬಳು ದೂರದ ಬೆಟ್ಟ ಸೇರಿದಳು. ಅವಳಿಗೆ ನಾಚಿಕೆ ಬಹಳ, ಹತ್ತಿರ ಹೋದರೆ ಈಗಲೂ ಕಾಣಿಸಿಕೊಳ್ಳುವುದಿಲ್ಲ.

ಕಿರಿಯವಳು ಕಡುನೀಲಿ. ಶುದ್ಧ ನಿದ್ದೆಬುರುಕಿ. ಅವಳು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಮನೆಗಳೆಲ್ಲ ಮುಗಿದಿದ್ದವು. ಉಳಿದದ್ದು ಸೂರ್ಯ ಮುಳುಗಿದ ಮೇಲೆ, ಮೊದಲ ಚುಕ್ಕಿ ಮೂಡುವ ಮೊದಲು ಸಿಗುವ ಒಂದು ಚೂರು ಸಂಜೆ. ಅಲ್ಲಿ ಕೂತಳೋ ಇಲ್ಲವೋ, ಕತ್ತಲೆ ಬಂದ. ಕತ್ತಲೆ ಕೆಟ್ಟವನಲ್ಲ, ಹಸಿವು ಜಾಸ್ತಿ ಅಷ್ಟೆ. ಅಕ್ಕಂದಿರಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಮನೆಯಿತ್ತು, ಇವಳಿಗೆ ಇರಲಿಲ್ಲ. ಅವಳ ಲಂಗದ ಅಂಚನ್ನು ಅವನು ನುಂಗಿಯೇಬಿಟ್ಟಿದ್ದ. ತಾಯಿ ಓಡಿಬಂದು ಮಗಳನ್ನು ಎತ್ತಿಕೊಂಡಳು.

ಗಾಳಿ ಕಂಡಕಂಡವರನ್ನು ಬೇಡಿದಳು. ಆಲದ ಮರ ಹಕ್ಕಿಗಳೇ ತುಂಬಿವೆ ಎಂದಿತು. ಹೊಳೆ ತನಗೇ ನಿಲ್ಲಲು ಜಾಗವಿಲ್ಲ ಎಂದಿತು. ಹೊಲದ ಬದುವಿನಲ್ಲಿ ಮೊಣಕಾಲೆತ್ತರದ ಗಿಡವೊಂದಿತ್ತು, ಅದಕ್ಕೊಂದು ಹೆಸರೂ ಇರಲಿಲ್ಲ. ಅದು ಮಾತ್ರ, ಎಲೆಯೊಳಗೆ ಜಾಗವಿದೆ, ಮಗು ಬರಲಿ ಎಂದಿತು.

"ನಾ ಬಂದು ಮುಟ್ಟೂತನಕ ಹೊರಗ ಬರಬ್ಯಾಡ, ಮಗಳ," ಎಂದಳು ಗಾಳಿ.

ಮಗಳು ಹೂಂ ಎಂದು ಎಲೆಯೊಳಗೆ ಸರಿದಳು. ಕತ್ತಲೆ ಬಂದು ಗಿಡವನ್ನು ಮೂಸಿ ನೋಡಿದ. ಬರೀ ಹಸಿರು. ಅವನ ದಾರಿ ತಪ್ಪಿಸಲೆಂದು ಗಾಳಿ ಕಡಲಿನಾಚೆಗೆ ಓಡಿದಳು. ಅವಳು ಮರಳಿ ಬರುವಷ್ಟರಲ್ಲಿ ಬದುವಿನಲ್ಲಿ ಗಿಡವೇ ಇಲ್ಲ. ಕೊಯ್ದ ಮೋಟು ಮಾತ್ರ ಇತ್ತು. ಸೊಪ್ಪಿನ ವಾಸನೆ ಹಿಡಿದು ಗಾಳಿ ಊರಿನ ಕಡೆಗೆ ಓಡಿದಳು.

ಕೊಯ್ದವಳು ಭರಮವ್ವ, ಬಟ್ಟೆಗೆ ಬಣ್ಣ ಹಾಕುವುದನ್ನು ಕಂಡುಹಿಡಿದ ಮೊದಲ ಹೆಂಗಸು. ಅವಳ ಮಗಳು ದಿನ ತುಂಬಿದ ಬಸುರಿ. ಹುಟ್ಟುವ ಕೂಸಿನ ತೊಟ್ಟಿಲಿಗೆ ಯಾರೂ ಕಾಣದ ಬಣ್ಣದ ಬಟ್ಟೆ ಹಾಸಬೇಕೆಂದು, ಆ ಸೊಪ್ಪನ್ನು ತೊಟ್ಟಿಯಲ್ಲಿ ನೆನೆಹಾಕಿದ್ದಳು. ಮೂರು ಸಲ ಬಟ್ಟೆ ಅದ್ದಿದಳು. ಮೂರು ಸಲವೂ ಎಮ್ಮೆಯ ಮೂತಿಗೆ ಮೆತ್ತಿದ ಹುಲ್ಲಿನ ಬಣ್ಣವೇ ಬಂತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಭರಮವ್ವ ಬಾಗಿಲು ಕಿಟಕಿ ಎಲ್ಲ ಭದ್ರ ಹಾಕಿ, ಸಂದಿಗಳಿಗೆ ಚಿಂದಿ ತುರುಕಿದ್ದಳು. ಹಸಿ ಬಣ್ಣಕ್ಕೆ ಗಾಳಿ ತಗಲಬಾರದು ಎಂಬುದು ಅವಳೇ ಮಾಡಿಕೊಂಡ ಕಟ್ಟಳೆ. ಅರಿಸಿನದ ಹಳದಿ, ಮುತ್ತುಗದ ಹೂವಿನ ಕೇಸರಿ, ಎರಡೂ ಬಯಲಲ್ಲಿ ಒಣಹಾಕಿ ಹಾಳಾಗಿದ್ದವು. ಅಂದಿನಿಂದ ಅವಳಿಗೆ ಗಾಳಿಯೆಂದರೆ ಬಣ್ಣಗಳ್ಳಿ.

ಹೋಗು, ನಿನಗೆ ಇಲ್ಲಿ ಏನೂ ಇಲ್ಲ ಎಂದು ಒಳಗಿನಿಂದಲೇ ಗದರಿಸಿದಳು.

"ನಿನ್ನ ಬಣ್ಣ ನನಗ ಬ್ಯಾಡವ್ವಾ," ಎಂದಳು ಗಾಳಿ. "ನನ್ನ ಮಗಳು ಒಳಗ ಅದಾಳ. ಒಂದ್ಸಲ ಮುಟ್ಟಿ ಹೋಗತೇನಿ."

ಒಳಕೋಣೆಯಲ್ಲಿ ಭರಮವ್ವನ ಮಗಳು ಮಗ್ಗುಲು ಬದಲಿಸುತ್ತಾ ಅವ್ವಾ ಎಂದು ನರಳಿದಳು. ಆ ದನಿ ಕೇಳಿ ಭರಮವ್ವ ಎದ್ದಳು. ಬಟ್ಟೆ ಹಾಳಾದರೆ ಆಗಲಿ ಎಂದುಕೊಂಡು ಅಗುಳಿ ಸರಿಸಿ, ಒಂದು ಬೆರಳಿನಷ್ಟು ಬಾಗಿಲು ತೆಗೆದಳು.

ಗಾಳಿ ಮೆಲ್ಲಗೆ ಒಳಗೆ ಬಂದು ಒದ್ದೆ ಬಟ್ಟೆಯ ಅಂಚನ್ನು ಮುಟ್ಟಿದಳು. ಮುಟ್ಟಿದಲ್ಲಿ ಒಂದು ಬೆರಳಿನಗಲ ನೀಲಿ ಮೂಡಿತು. ಭರಮವ್ವ ಬಾಗಿಲನ್ನು ಪೂರ್ತಿ ತೆರೆದಳು. ಹಸಿರೆಲ್ಲ ಕರಗಿ, ಕಡುನೀಲಿ ಮಗಳು ತಾಯಿಯ ಕಡೆಗೆ ಓಡೋಡಿ ಬಂದಳು. ತಾಯಿ ಮಗಳು ಇಬ್ಬರೂ ಅತ್ತರು, ಭರಮವ್ವನೂ ಅತ್ತಳು.

ಸಂಜೆಯಾಯಿತು. ಕತ್ತಲೆ ಬಂದ, ಬಟ್ಟೆಯನ್ನು ನುಂಗಲು ನೋಡಿದ. ನೀಲಿ ಆಗಲೇ ನೂಲಿನ ಒಳಒಳಗೆ ಇಳಿದು ಕೂತಿದ್ದಳು. ಬೆಳಗಾದಾಗ ಬಟ್ಟೆ ಅಷ್ಟೇ ನೀಲಿಯಾಗಿತ್ತು. ಮಗಳಿಗೆ ಕೊನೆಗೂ ಮನೆ ಸಿಕ್ಕಿತೆಂದು ಗಾಳಿಗೆ ತಿಳಿಯಿತು. ಕರೆದುಕೊಂಡು ಹೋಗುವ ಆಸೆಯಿತ್ತು, ಆದರೂ ಬಿಟ್ಟಳು.

"ಆಕಿ ಹೊರಗ ಬಂದಾಗೆಲ್ಲ ಮೊದ್ಲ ನನಗ ತೋರಸು," ಎಂದಳು ಭರಮವ್ವನಿಗೆ. ಅಷ್ಟೇ ಅವಳು ಕೇಳಿದ್ದು.

ಆ ಬಟ್ಟೆಯ ಮೇಲೆ ಭರಮವ್ವನ ಮೊಮ್ಮಗಳು ಮಲಗಿದಳು. ಹಸಿರು ಗಿಡಕ್ಕೆ ನೀಲಿ ಗಿಡ ಎಂಬ ಹೆಸರು ಬಂತು.

ನಂಬಿಕೆಯಿಲ್ಲದಿದ್ದರೆ ಬಣ್ಣದ ತೊಟ್ಟಿಯ ಹತ್ತಿರ ನಿಂತು ನೋಡು, ಪುಟ್ಟಿ. ಬಟ್ಟೆ ಇಂದಿಗೂ ಹಸಿರಾಗಿಯೇ ಮೇಲೆ ಬರುತ್ತದೆ, ಒಂದು ಗಳಿಗೆ ಹಾಗೇ ಕಾಯುತ್ತದೆ, ತಾಯಿ ಬಂದು ಮುಟ್ಟಿದ ಮೇಲೆಯೇ ನೀಲಿಯಾಗುತ್ತದೆ.