ಮತ್ತಿಮರದ ಮಜ್ಜನ

ಹೊಳೆದಂಡೆಯಲ್ಲಿ ಒಂದು ಮಠ. ಅಲ್ಲಿಯ ಒಲೆ ಆರಿದ್ದನ್ನೂ ಅಲ್ಲಿಯ ಅಡವೆಪ್ಪಜ್ಜ ಸಿಟ್ಟಾದದ್ದನ್ನೂ ಕಂಡವರಿಲ್ಲ.

ದೋಣಿ ಇಳಿದು ಬಂದವರಿಗೆಲ್ಲ ಅಲ್ಲಿ ಊಟ. ಅದಕ್ಕೆ ಬೇಕಾದ ಕಟ್ಟಿಗೆಯನ್ನು ಹೊಳೆಯೇ ತಂದು ದಂಡೆಗೆ ಬಿಸಾಡುತ್ತಿತ್ತು. ಅಜ್ಜ ಮತ್ತು ಅವರ ಶಿಷ್ಯ ಕಲ್ಮೇಶ ಬೇಸಿಗೆಯಿಡೀ ಅದನ್ನು ಆಯ್ದು ತರುತ್ತಿದ್ದರು. ತೇಲಿ ಬಂದ ಮರದ ಮೇಲೆ ಮೊದಲು ಯಾರು ಕಲ್ಲಿಡುತ್ತಾರೋ ಮರ ಅವರದು. ಆ ಕಡೆಯ ರೂಢಿ ಹಾಗೆ.

ತಂದ ಕೊಂಬೆಗೆ ಕೊಡಲಿ ಹಾಕುವ ಮೊದಲು ಅಜ್ಜ ಅದರ ಮೇಲೆ ಒಂದು ಕೊಡ ನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕಿ ತೊಳೆಯುತ್ತಿದ್ದರು. ತಿಕ್ಕುವಾಗ ಬಾಯಲ್ಲಿ ಶಿವನಾಮ. ಲಿಂಗಕ್ಕೆ ಮಜ್ಜನ ಮಾಡಿಸುವವರು ಮರಕ್ಕೂ ಮಾಡಿಸುತ್ತಾರೆ, ದೊಡ್ಡವರ ಭಕ್ತಿ ದೊಡ್ಡದು ಎಂದುಕೊಂಡು ಕಲ್ಮೇಶ ಸುಮ್ಮನಿದ್ದ.

ಎರಡು ವರ್ಷದಿಂದ ಅವನು ಕೇಳುತ್ತಿದ್ದದ್ದು ಒಂದೇ.

"ಅಜ್ಜಾರ, ನನಗ ಉಪದೇಶ ಯಾವಾಗ ಕೊಡ್ತೀರಿ?"

ಅಜ್ಜ ದಂಡೆಯ ಕಡೆ ಕೈ ತೋರಿಸುತ್ತಿದ್ದರು. ಎರಡು ವರ್ಷದ ಹಿಂದಿನ ದೊಡ್ಡ ನೆರೆಯಲ್ಲಿ ಬಂದ ಮತ್ತಿಮರದ ಬೊಡ್ಡೆಯೊಂದು ಅಲ್ಲಿ ಬಂಡೆಗಳ ಮೇಲೆ ಅಡ್ಡ ಬಿದ್ದು ಒಣಗಿತ್ತು. ಮಳೆಗಾಲ ಪೂರ್ತಿ ಒಲೆಗೆ ಸಾಲುವಷ್ಟು ಮರ. ಅದರ ಮೇಲೆ ಕಲ್ಲಿಟ್ಟವನು ಕಲ್ಮೇಶನೇ. ಇಟ್ಟದ್ದು ಬಿಟ್ಟರೆ ಇನ್ನೇನೂ ಅವನಿಂದ ಆಗಿರಲಿಲ್ಲ. ಕೊಡಲಿ ಹಾಕಿದರೆ ಪುಟಿದು ವಾಪಸು ಬರುತ್ತಿತ್ತು.

"ಅದು ಒಲಿಗೆ ಬಂದ ದಿನ," ಎನ್ನುತ್ತಿದ್ದರು ಅಜ್ಜ.

ಆ ವರ್ಷ ಒಬ್ಬ ಭಕ್ತರು ಮಠಕ್ಕೆ ಪೆಟ್ರೋಲ್ ಹಾಕಿ ಓಡಿಸುವ ಗರಗಸದ ಮಷೀನು ತಂದುಕೊಟ್ಟರು. ಕಲ್ಮೇಶ ಮಠಕ್ಕೆ ಬರುವ ಮೊದಲು ನಾಲ್ಕು ವರ್ಷ ಸಾಮಿಲ್‌ನಲ್ಲಿ ದುಡಿದವನು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ದೋಣಿಯ ಹುಸೇನಪ್ಪ ಸುದ್ದಿ ತಂದ. "ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರ. ಸಂಜಿ ಅನ್ನೋದ್ರಾಗ ದಂಡಿ ಮುಳಗತೈತಿ. ನಿಮ್ಮ ಮರಾ ಹೋತು ಅಂತ ತಿಳೀರಿ."

ಕಲ್ಮೇಶ ಮಷೀನು ಹೊತ್ತು ಓಡಿದ. ಹಿಂದೆಯೇ ಅಜ್ಜ ಕೊಡ ಹಿಡಿದು ಬಂದರು.

"ಅಜ್ಜಾರ, ಇವತ್ತೊಂದು ದಿನ ಪೂಜಿ ಬ್ಯಾಡ್ರಿ. ಹೊತ್ತಿಲ್ಲ."

"ಆತು," ಎಂದ ಅಜ್ಜ ಕೊಡ ಇಳಿಸಿ ಕೂತರು.

ಮಷೀನು ಗರ್ಜಿಸಿತು. ಎದುರು ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹೋದವು. ಒಂದು ಗೇಣು ಇಳಿದದ್ದೇ ತಡ, ಗರಗಸ ಮುಂದಕ್ಕೆ ಹೋಗಲೊಲ್ಲದು. ಕಲ್ಮೇಶ ಒತ್ತಿದ. ಹೊಗೆ ಬಂತು. ಮೈಭಾರವನ್ನೆಲ್ಲ ಹಾಕಿ ಒತ್ತಿದ. ಇನ್ನಷ್ಟು ಹೊಗೆ ಬಂತು. ಕೊನೆಗೆ ಮಷೀನೇ ನಿಂತಿತು.

ಅಜ್ಜ ಎದ್ದು ಬಂದು, ಕೆಳಗೆ ಬಿದ್ದಿದ್ದ ಹಿಟ್ಟಿನಂಥ ಮರದ ಪುಡಿಯನ್ನು ಅಂಗೈಗೆ ತೆಗೆದುಕೊಂಡರು. "ಅಡಿಗಿ ಮಾಡೋ ತಿಪ್ಪವ್ವಗ ಕೊಡೂಣೇನು? ರೊಟ್ಟಿ ಮಾಡಾಕ ಬರತೈತಿ."

ಕಲ್ಮೇಶನಿಗೆ ಅಳು ಬರುವುದೊಂದು ಬಾಕಿ. "ಮಷೀನು ಹೊಸಾದು ಅಜ್ಜಾರ. ನಾನೂ ಹೊಸಬ ಅಲ್ಲ. ಯಾಕ ಹಿಂಗಾತು?"

ಅಜ್ಜ ತೊಗಟೆಯ ಸೀಳಿಗೆ ಬೆರಳು ಹಾಕಿ ಕೆದರಿದರು. ಬೊಗಸೆಯಷ್ಟು ಉಸುಕು ಸುರಿಯಿತು.

ಕಲ್ಮೇಶ ಉಸುಕನ್ನು ನೋಡಿದ. ಕೊಡವನ್ನು ನೋಡಿದ. ಸಾಮಿಲ್‌ಗೆ ಬರುವ ಮರ ಕಾಡಿನಿಂದ ಬರುತ್ತದೆ, ಹೊಳೆಯಿಂದಲ್ಲ; ಗರಗಸದ ಹಲ್ಲು ಮೊಂಡು ಮಾಡುವ ಉಸುಕು ಅದರಲ್ಲಿ ಇರುವುದಿಲ್ಲ. ಅವನಿಗೆ ತಲೆ ಎತ್ತಲಾಗಲಿಲ್ಲ.

"ಹಂಗಾದ್ರ ನೀವು ಮಾಡೂದು ಪೂಜಿ ಅಲ್ಲೇನ್ರಿ?"

"ಶಿವನಾಮಾನೂ ಅಂದೀನಿ, ಉಸುಕೂ ತಗದೀನಿ. ನೀ ಬರೇ ಕಿವಿಲೆ ನೋಡಿದಿ."

ಅಜ್ಜ ಹೊಳೆಗೆ ಇಳಿದು ಕೊಡ ತುಂಬಿಕೊಂಡು ಬಂದು ಬೊಡ್ಡೆಯ ಮೇಲೆ ಸುರಿದರು. "ಅರ ಎಲ್ಲೈತಿ? ಗರಗಸದ ಹಲ್ಲು ಮಸಿ."

"ಅರವತ್ತು ಹಲ್ಲು ಅದಾವ್ರಿ. ಒಂದೊಂದ ಮಸಕೋತ ಕುಂತ್ರ ನೀರು ಬರತೈತಿ."

"ಮೊಂಡ ಗರಗಸಾ ಹಿಡದು ನಿಂತ್ರ ನೀರು ನಿಲ್ತೈತೇನು?"

ಕಲ್ಮೇಶ ಅರ ಹಿಡಿದು ಕೂತ. ಒಂದು ಹಲ್ಲಿಗೆ ಮೂರು ಎಳೆತ. ಅತ್ತ ಅಜ್ಜ ಕೊಡದ ಮೇಲೆ ಕೊಡ ಸುರಿದು ನಾರಿನಿಂದ ತಿಕ್ಕುತ್ತಿದ್ದರು. ಹೊಳೆ ಆಗಲೇ ಕೆಂಪಾಗಿ, ಕೆಳಗಿನ ಬಂಡೆಯನ್ನು ಮುಟ್ಟಿತ್ತು. ನಲವತ್ತು ಹಲ್ಲು ಮುಗಿದಾಗ ಕಲ್ಮೇಶ ತಲೆ ಎತ್ತಿದ.

"ಇಷ್ಟು ಸಾಕಲ್ಲರಿ?"

"ಉಳಿದ ಇಪ್ಪತ್ತು ಏನು ಪಾಪಾ ಮಾಡ್ಯಾವ?"

ಅವನು ಮತ್ತೆ ತಲೆ ತಗ್ಗಿಸಿದ. ಐವತ್ತರ ಹೊತ್ತಿಗೆ ಅವನು ಹೊಳೆಯ ಕಡೆ ನೋಡುವುದನ್ನು ಬಿಟ್ಟಿದ್ದ. ಅರವತ್ತಾದದ್ದು ಅವನಿಗೆ ತಿಳಿಯಲೇ ಇಲ್ಲ. ಗರಗಸದ ಸರಪಳಿ ಒಂದು ಸುತ್ತು ತಿರುಗಿ ಮೊದಲ ಹಲ್ಲೇ ಮತ್ತೆ ಬಂದಾಗ ಗೊತ್ತಾಯಿತು.

ಮಷೀನು ಮತ್ತೆ ಚಾಲೂ ಮಾಡಿ, ಈ ಸಲ ಅವನು ಒತ್ತಲಿಲ್ಲ, ಸುಮ್ಮನೆ ಹಿಡಿದು ನಿಂತ. ಗರಗಸ ತನ್ನ ಭಾರಕ್ಕೆ ತಾನೇ ಇಳಿಯಿತು. ಚಕ್ಕೆಗಳು ಅವಲಕ್ಕಿಯ ಹಾಗೆ ಹಾರಿ ಅವನ ಎದೆಗೆ, ಗಡ್ಡಕ್ಕೆ ಬಡಿದವು. ಮೊದಲ ತುಂಡು ಧಡ್ ಎಂದು ಬಿತ್ತು. ನಂತರ ಎರಡನೆಯದು, ಮೂರನೆಯದು.

ಕೊನೆಯ ದೋಣಿಯಲ್ಲಿ ಬಂದವರು ದಿಬ್ಬದ ಮೇಲಿನ ಮಠದಲ್ಲಿ ಗಂಟು ಇಳಿಸಿ ಕೆಳಗೆ ಬಂದರು. ಒಬ್ಬೊಬ್ಬರು ಒಂದೊಂದು ತುಂಡನ್ನು ಉರುಳಿಸಿಕೊಂಡು ದಿಬ್ಬ ಹತ್ತಿದರು. ಮರ ಹೋಯಿತೆಂದಿದ್ದ ಹುಸೇನಪ್ಪನೇ ಎಲ್ಲರಿಗಿಂತ ಜೋರಾಗಿ ದುಡಿದ. ತಿಪ್ಪವ್ವ ಸಾರಿನ ಸೌಟು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದು ಎರಡು ತುಂಡು ಮೇಲಕ್ಕೆ ಸಾಗಿಸಿದಳು.

ಕೊನೆಯ ತುಂಡು ಬೀಳುವಾಗ ನೀರು ಕಲ್ಮೇಶನ ಮೊಣಕಾಲಿಗೆ ಬಂದಿತ್ತು. ಅವನು ಅದನ್ನು ಹೆಗಲ ಮೇಲೆ ಹೊತ್ತು, ನಗುತ್ತ ದಿಬ್ಬ ಹತ್ತಿದ. ತಿರುಗಿ ನೋಡಿದರೆ ಬೊಡ್ಡೆ ಇದ್ದ ಜಾಗವನ್ನೆಲ್ಲ ಹೊಳೆ ತುಂಬಿಕೊಂಡಿತ್ತು, ಅದಕ್ಕೆ ಒಯ್ಯಲು ಅಲ್ಲಿ ಏನೂ ಉಳಿದಿರಲಿಲ್ಲ. ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಅಡುಗೆಮನೆಯ ಗೋಡೆಗೆ ಕಟ್ಟಿಗೆ ಸೂರು ಮುಟ್ಟುವಂತೆ ಒಟ್ಟಿತ್ತು. ಎಲ್ಲರೂ ಅದರ ಮುಂದೆಯೇ ಸಾಲಾಗಿ ಊಟಕ್ಕೆ ಕೂತರು. ಕಲ್ಮೇಶ ಮಾತ್ರ ನೇರ ಅಜ್ಜನ ಎದುರು ಹೋಗಿ ನಿಂತ.

"ಅಜ್ಜಾರ, ಮರಾ ಒಲಿಗೆ ಬಂತು."

"ಬಂತು."

"ಹಂಗಾದ್ರ ಉಪದೇಶ?"

ಅಜ್ಜ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಣ್ಣಲ್ಲಿ ನಗು ತುಂಬಿತ್ತು. ಕೊಡವನ್ನೂ ತೆಂಗಿನ ನಾರನ್ನೂ ಅವನ ಕೈಗೆ ಕೊಟ್ಟರು.

"ಮೈತುಂಬ ಉಸುಕ ಐತಿ ತಮ್ಮಾ. ಮೊದಲ ಜಳಕಾ ಮಾಡಿ ಬಾ. ಗರಗಸಾ ಆಮ್ಯಾಲೆ ಹಚ್ಚತೀನಿ."