ತುಕ್ಕು ಸೂಜಿ ನಿಂತ ಕೌದಿ

ಟ್ರಂಕಿನ ತಳದಾಗ ಅರ್ಧಕ್ಕ ಬಿಟ್ಟ ಕೌದಿ ಒಂದಿತ್ತು. ಇಳಕಲ್ ಸೀರಿ ಸೆರಗು, ಖಣದ ಕುಬಸ, ಧೋತರದ ಚೂರು ಎಲ್ಲಾ ಜೋಡಿಸಿದ್ದು. ಹೊಲಿಗಿ ನಿಂತಲ್ಲೇ ಸೂಜಿ ತುಕ್ಕು ಹಿಡದು ನಿಂತಿತ್ತು. ಸಾವಂತ್ರಿ ಕೈ ಚಾಚಿದ್ಲು.

"ಮುಟ್ಟಬ್ಯಾಡ!" ಹಿಂದಿನಿಂದ ಅತ್ತಿ ಮಲಕವ್ವ ಚೀರಿದ್ಲು.

ಸಾವಂತ್ರಿ ತುಂಬಿದ ಬಸರಿ. ಹುಟ್ಟೂ ಕೂಸಿಗೆ ಹಿರೇರು ಉಟ್ಟ ಅರಿವಿ ಕೌದೀನ ಹೊಚ್ಚಬೇಕು, ಅದು ಆ ಮನಿ ರೀತಿ. ಇದೊಂದು ಬಿಟ್ರ ಮನ್ಯಾಗ ಹಳೇ ಅರಿವಿ ಚೂರೂ ಇರಲಿಲ್ಲ. ಇದ್ದದ್ದೆಲ್ಲಾ ಪಾತ್ರೆ ಮಾರಾಕಿಗೆ ಹಾಕಿ ಮಲಕವ್ವ ಸ್ಟೀಲ್ ಡಬರಿ ತಗೊಂಡಿದ್ಲು.

ಅತ್ತಿ ಗೋಡಿಗೆ ಆನಿಕೊಂಡು ಕುಂತು ಹೇಳಿದ್ಲು. "ಇದು ನಮ್ಮತ್ತಿ ಹೊಲೀತಿದ್ದದ್ದು. ಹೊಲಕೋತ ಕುಂತಲ್ಲೇ ಜೀವ ಬಿಟ್ಲು. ನಾ ಆಗ ಚೊಚ್ಚಲ ಬಾಣಂತಿ. ಮುಗಸೂಣಂತ ನಾಕು ಹೊಲಿಗಿ ಹಾಕಿದೆ. ಅದೇ ವಾರ ಕೂಸಿಗೆ ಜ್ವರ ಬಂತು. ಉಳೀಲಿಲ್ಲ. ನಿನ್ನ ಗಂಡ ಆಮ್ಯಾಲ ಹುಟ್ಟಿದಾಂವ. ಅವಗ ಇದರ ನೆರಳೂ ತಾಗಸಿಲ್ಲ."

ಸಾವಂತ್ರಿ ಹೊಟ್ಟಿ ಮ್ಯಾಲ ಕೈ ಇಟಗೊಂಡ್ಲು.

ಆ ಮನಿ ಬಾಗಲ ತೆರದಿದ್ರ ಮೊದಲ ಕಲ್ಲವ್ವನ ಕಿವಿ ಒಳಗ ಬರತಿದ್ವು, ಆಮ್ಯಾಲ ಕಲ್ಲವ್ವ. ಬಾಜೂ ಮನಿಯಾಕಿ. ಬಂದಾಕೀನ ಕೌದಿ ನೋಡಿ ಗಲ್ಲ ಬಡಕೊಂಡ್ಲು.

"ಅಯ್ಯ ನಮ್ಮವ್ವಾ! ಅರಿವಿ ತಪ್ಪೇನಿಲ್ಲ, ಸತ್ತಾಕಿ ಹೊಲಿಗೀನ ಕೆಟ್ಟದ್ದು. ಒಂದೂ ಬಿಡದಂಗ ಬಿಚ್ಚಿ ದಾರ ಒಲಿಗೆ ಹಾಕು. ಆಮ್ಯಾಲ ಹೊಸದಾಗಿ ಹೊಲಿ. ಇಲ್ಲಂದ್ರ ಆ ದಾರ ನಿನ್ನ ಕೂಸನ್ನೂ ಎಳಕೊಂಡು ಹೋಗತೈತಿ, ನೋಡ್ಕೊ!"

ಸಾವಂತ್ರಿ ಅಂಜಿ ಎದ್ದು ಬ್ಲೇಡ್ ತಂದ್ಲು. ಒಂದು ದಾರ ಕೊಯ್ದು ಎಳದ್ಲು, ಅರಿವಿ ಸೀಳಿತು. ಇನ್ನೊಂದು ಎಳದ್ಲು, ಇನ್ನಷ್ಟು ಸೀಳಿತು. ಮೂರನೇದಕ್ಕ ಇಳಕಲ್ ಸೆರಗು ಚರ್ರಂತ ಉದ್ದಕ್ಕೂ ಹರೀತು. ಅತ್ತಿ ಎರಡೂ ಕಿವಿ ಮುಚಗೊಂಡ್ಲು.

"ನೋಡಿದೇನು? ಸತ್ತಾಕಿ ಸಿಟ್ಟು!" ಅಂದ್ಲು ಕಲ್ಲವ್ವ.

ಸಾವಂತ್ರಿ ಬ್ಲೇಡ್ ಕೆಳಗಿಟ್ಲು. ಹೊಟ್ಟ್ಯಾಗ ಕೂಸು ಮಿಸುಕಲಿಲ್ಲ. ಎಲ್ಲೆಲ್ಲಿ ಹರದೈತಿ ಅಂತ ಅಂಜಕೋತ ಬೆರಳಾಡಿಸಿದ್ಲು. ಬೆರಳು ಒಮ್ಮೆಗೇ ನಿಂತವು.

"ಕಲ್ಲವ್ವಕ್ಕಾ, ಹೊಲಿಗಿ ಇದ್ದಲ್ಲಿ ಒಂದೂ ಹರದಿಲ್ಲ. ನಾ ಬಿಚ್ಚಿದಲ್ಲೇ ಹರದೈತಿ. ಹಳೇ ಅರಿವಿ ಜಾಳಾಗೈತಿ, ಆ ಹೊಲಿಗೀನ ಅದನ್ನ ಹಿಡದಿತ್ತು. ಹರದಾಕಿ ಸತ್ತಾಕಿ ಅಲ್ಲ, ನಾನು. ಬಿಚ್ಚು ಅಂದಾಕಿ ನೀನು."

"ಆತು ಬಿಡವ್ವಾ! ಒಳ್ಳೇದು ಹೇಳಾಕ ಬಂದ್ರ ನನ್ನ ಕುತ್ತಿಗಿಗೇ ಬಂತು." ಕಲ್ಲವ್ವ ಸೆರಗು ಝಾಡಿಸಿ ಎದ್ಲು. ಹೊಸ್ತಲ ಮಾತ್ರ ದಾಟಲಿಲ್ಲ. ಮುಂದೇನಾತು ಅನ್ನೂದು ಬಿಟ್ಟು ಹೆಂಗ ಹೋದಾಳು?

ಸಾವಂತ್ರಿ ಅತ್ತಿ ಕಡೆ ತಿರುಗಿದ್ಲು. "ಅತ್ತೀ, ಆಗ ಜ್ವರ ನಿಮ್ಮ ಕೂಸಿಗಷ್ಟೇ ಬಂದಿತ್ತೇನು?"

ಮಲಕವ್ವ ಹೊಸ್ತಲ ಕಡೆ ನೋಡಿದ್ಲು. "ಓಣಿಗೆಲ್ಲಾ ಬಂದಿತ್ತು. ಈ ಕಲ್ಲವ್ವನ ತಮ್ಮನೂ ಹೋದ."

"ಅವರ ಮನ್ಯಾಗ ಯಾರು ಕೌದಿ ಹೊಲದಿದ್ರು?"

ಹೊಸ್ತಲದಾಗ ಕಲ್ಲವ್ವ ತಲಿ ಕೆಳಗ ಹಾಕಿದ್ಲು. ಮಲಕವ್ವ ಸೆರಗಿನಾಗ ಮಾರಿ ಮುಚ್ಚಿ ಅತ್ಲು. ಅಷ್ಟು ವರ್ಷ ತನ್ನ ಕೈಯೇ ತನ್ನ ಕೂಸನ್ನ ತಿಂತು ಅಂತ ತಿಳಕೊಂಡಾಕಿ ಆಕಿ.

ಅತ್ತದ್ದು ಮುಗಿದ ಮ್ಯಾಲ ಆಕೀನ ಎದ್ದು ತುಕ್ಕು ಸೂಜಿ ಕಿತ್ಲು. ಹೊಸ ಸೂಜಿಗೆ ದಾರ ಪೋಣಿಸಿ ಸೊಸಿ ಕೈಗೆ ಕೊಟ್ಲು. ಬಿಚ್ಚದ ಹೊಲಿಗಿ ಹಂಗ ಬಿಟ್ಟು, ಹರದಲ್ಲಿ ಅತ್ತಿ ಉಟ್ಟ ಸೀರಿ ಚೂರು ತ್ಯಾಪಿ ಹಾಕಿ, ಅತ್ತಿ ಆ ತುದಿ, ಸೊಸಿ ಈ ತುದಿ ಹೊಲದ್ರು. ಅಂಜಿಕಿ ಹೋಗಿರಲಿಲ್ಲ ಮತ್ತ. ಒಂದೊಂದು ಹೊಲಿಗಿಗೂ ಇಬ್ಬರೂ ಉಸಿರು ಹಿಡೀತಿದ್ರು.

ಹೆಣ್ಣು ಹುಟ್ಟಿತು. ಕೌದಿ ಹೊಚ್ಚಿದ್ರು. ಮಲಕವ್ವ ದಿನಾ ಮಲಗೂ ಮುಂದ ಕೂಸಿನ ಮೂಗಿಗೆ ಬೆರಳು ಹಿಡದು ಉಸಿರು ನೋಡತಿದ್ಲು. ಒಂದಿನ ಕೂಸು ಕೌದಿ ಒದ್ದು ಆಕಡೆ ಹಾಕ್ತು.

"ಥೂ ಹಟಮಾರಿ, ನಿಮ್ಮವ್ವನಂಗ ಆಗೀ ನೋಡು" ಅಂತ ಬೈದು ಮತ್ತ ಹೊಚ್ಚಿ ಮಲಗಿದ್ಲು. ಅವತ್ತು ಉಸಿರು ನೋಡೂದು ಆಕಿಗೆ ನೆನಪ ಆಗಲಿಲ್ಲ.

ನೀತಿ: ಅಂಜಿಕಿ ಯಾರಿಗೂ ತಪ್ಪಿದ್ದಲ್ಲ. ಅಂಜಕೋತ ಹೊಲದ್ರೂ ಅರಿವಿ ಉಳೀತೈತಿ. ಅಂಜಿ ಬಿಚ್ಚಾಕ ಕುಂತ್ರ, ಹಿರೇರು ಹಿಡದಿಟ್ಟದ್ದನ್ನೂ ನಮ್ಮ ಕೈಯಾರೆ ಹರೀತೀವಿ, ಆಮ್ಯಾಲ ತಪ್ಪು ಸತ್ತವರ ಮ್ಯಾಲ ಹಾಕ್ತೀವಿ.